ಜಗಳವಾಡದ ರಕ್ತ

ಹೊಂದಿಕೆ ಪೆಟ್ಟಿಗೆ ನೋಡುವುದಕ್ಕೆ ಹೋಟೆಲಿನ ದೊಡ್ಡ ಗ್ರೈಂಡರಿನ ಹಾಗಿತ್ತು. ಅಷ್ಟೇ ಎತ್ತರ, ಅಷ್ಟೇ ಹೊಟ್ಟೆ; ಸದ್ದು ಮಾತ್ರ ಇಲ್ಲ. ದಾನಿಯ ಸೊಂಟದ ಮೂಳೆಯಿಂದ ಹೀರಿ ತೆಗೆದ ಅಸ್ಥಿಮಜ್ಜೆಯ ಚೀಲವನ್ನು ಅದರ ಎಡಗಡೆಗೆ ತಗುಲಿಸಬೇಕು. ರೋಗಿಯ ಚರ್ಮದ್ದೊಂದು, ಕರುಳಿನದೊಂದು, ಯಕೃತ್ತಿನದೊಂದು ಚೂರನ್ನು ಬಲಗಡೆಯ ತಟ್ಟೆಯಲ್ಲಿಡಬೇಕು. ಮುಚ್ಚಳ ಹಾಕಿದರೆ ಹನ್ನೊಂದು ದಿನ ಯಾರೂ ಮುಟ್ಟುವಂತಿಲ್ಲ. ಹನ್ನೆರಡನೆಯ ದಿನ ಬೆಳಗ್ಗೆ ಅದೇ ಚೀಲ ಹೊರಗೆ ಬರುತ್ತದೆ. ಬಣ್ಣ ಅದೇ, ತೂಕ ಅದೇ. ಒಳಗಿನ ಕೋಶಗಳು ಮಾತ್ರ ಒಂದು ಪಾಠ ಕಲಿತಿರುತ್ತವೆ: ನೀವು ಈಗ ಹೋಗುವ ಮನೆಯ ಜನ ಇವರು, ಇವರ ಮೇಲೆ ಕೈ ಮಾಡಬೇಡಿ.

2060ನೆಯ ಇಸವಿಯ ಫೆಬ್ರವರಿಯಲ್ಲಿ ಮೈಸೂರಿನ ಹೊರವಲಯದ ಮಜ್ಜೆ ಸಂಶೋಧನಾಲಯದಲ್ಲಿ ಇಂಥ ಹದಿನಾರು ಪೆಟ್ಟಿಗೆಗಳು ಒಂದೇ ಸಾಲಿನಲ್ಲಿ ಕೆಲಸ ಮಾಡುತ್ತಿದ್ದವು. ಅವನ್ನು ಕಂಡುಹಿಡಿದ ಡಾಕ್ಟರ್ ನಾಗಶ್ರೀಗೆ ಆಗ ಅರವತ್ತೊಂದು ವರ್ಷ. ಹನ್ನೆರಡನೆಯ ದಿನದ ಚೀಲ ತೆಗೆಯುವಾಗ ಈಗಲೂ ಅವರೇ ಬಂದು ನಿಲ್ಲುತ್ತಿದ್ದರು. ನಿಲ್ಲುವ ಅಗತ್ಯವೇನೂ ಇರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಶಾಲೆಯ ಗೇಟಿನ ತನಕ ಬಿಟ್ಟುಬರುವವರ ಹಾಗೆ ಬಂದು ನಿಲ್ಲುತ್ತಿದ್ದರು, ಅಷ್ಟೇ.

ಪೆಟ್ಟಿಗೆ ಏನು ಮಾಡುತ್ತಿತ್ತು ಎಂಬುದು ತಿಳಿಯಬೇಕಾದರೆ ರಕ್ತ ಹುಟ್ಟುವ ಬಗೆ ಸ್ವಲ್ಪ ಗೊತ್ತಿರಬೇಕು. ಮೂಳೆಗಳ ಒಳಗಿನ ಮೆತ್ತನೆಯ ಮಜ್ಜೆಯಲ್ಲಿ ತಾಯಿಕೋಶಗಳಿರುತ್ತವೆ. ಮೈಯಲ್ಲಿ ಹರಿಯುವ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ಟುಗಳೆಲ್ಲ ಅವುಗಳ ಸಂತಾನ. ಈ ವಂಶದಲ್ಲಿ ಒಂದು ಕವಲು ಕೆಟ್ಟು, ದುಡಿಯದೆ, ಸಾಯದೆ, ಬರೀ ಹೆಚ್ಚುತ್ತ ಹೋದರೆ ಅದೇ ಲ್ಯುಕೀಮಿಯಾ, ರಕ್ತದ ಕ್ಯಾನ್ಸರ್. ಕೆಟ್ಟ ಮಜ್ಜೆಯನ್ನು ಔಷಧಿಯಿಂದ ಸುಟ್ಟು ಬೇರೊಬ್ಬರ ಮಜ್ಜೆಯನ್ನು ಹಾಕುವುದು ಹಳೆಯ ಚಿಕಿತ್ಸೆ. ತೊಂದರೆ ಏನೆಂದರೆ, ಬಂದ ಮಜ್ಜೆಯ ಬಿಳಿಕಣಗಳಿಗೆ ಈ ಮೈಯೇ ಪರದೇಶ. ಅವು ಚರ್ಮವನ್ನು ಹೊಡೆಯುತ್ತಿದ್ದವು, ಕರುಳನ್ನು ಹೊಡೆಯುತ್ತಿದ್ದವು, ಯಕೃತ್ತನ್ನು ಹೊಡೆಯುತ್ತಿದ್ದವು. ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುತ್ತಿದ್ದುದೂ ಅವೇ. ಒಂದೇ ಸಿಟ್ಟು, ಎರಡು ಕೆಲಸ. ಈ ಸಿಟ್ಟಿಗೆ ಆಗ ಮೂವರಲ್ಲಿ ಒಬ್ಬರು ಬಲಿಯಾಗುತ್ತಿದ್ದರು.

ನಾಗಶ್ರೀ ಇಪ್ಪತ್ತೈದನೆಯ ವಯಸ್ಸಿನಿಂದ ಈ ಒಂದೇ ಪ್ರಶ್ನೆಯ ಬೆನ್ನುಹತ್ತಿದವರು. ಮದುವೆ ಮಾಡಿಕೊಳ್ಳಲಿಲ್ಲ. ಇಲಿಯ ತೊಡೆಮೂಳೆ ಒಡೆದು ಮಜ್ಜೆ ತೆಗೆದು ಕೋಶ ಎಣಿಸುತ್ತ ಹದಿನೇಳು ವರ್ಷ ಕಳೆದರು. ಕೊನೆಗೆ 2041ರಲ್ಲಿ ಪೆಟ್ಟಿಗೆ ತಯಾರಾಯಿತು. ಮನೆಯವರನ್ನು ಬಿಡು, ಕ್ಯಾನ್ಸರನ್ನು ಹೊಡೆ ಎಂದು ಕೋಶಕ್ಕೆ ಕಲಿಸುವ ಪೆಟ್ಟಿಗೆ. ಮೊದಲ ರೋಗಿ ರಾಮನಗರದ ಒಂಬತ್ತು ವರ್ಷದ ಹುಡುಗಿ, ಹೆಸರು ಧೃತಿ. ಅಪ್ಪನ ಮಜ್ಜೆ ಪೆಟ್ಟಿಗೆಯಲ್ಲಿ ಹಾದು ಅವಳ ಮೈ ಸೇರಿತು. ಜ್ವರ ಬರಲಿಲ್ಲ, ಚರ್ಮ ಏಳಲಿಲ್ಲ. ಇಪ್ಪತ್ತೆಂಟನೆಯ ದಿನ ಹುಡುಗಿ ಎರಡು ಬಟ್ಟಲು ಚಿತ್ರಾನ್ನ ತಿಂದು ಮನೆಗೆ ಹೋದಳು.

ಆಮೇಲೆ ಹತ್ತೊಂಬತ್ತು ವರ್ಷಗಳಲ್ಲಿ, ಬೇರೆ ಊರುಗಳಲ್ಲಿಟ್ಟ ಪೆಟ್ಟಿಗೆಗಳೂ ಸೇರಿ, ನಲವತ್ತೊಂದು ಸಾವಿರ ಜನ ಹೀಗೆ ಮನೆಗೆ ಹೋದರು. ಪ್ರತಿವರ್ಷ ಸಂಶೋಧನಾಲಯದ ಸಮಾರಂಭದಲ್ಲಿ ಧೃತಿಯನ್ನು ವೇದಿಕೆ ಹತ್ತಿಸಿ ಹಾರ ಹಾಕುತ್ತಿದ್ದರು. ಅವಳು ಬೆಳೆದು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಳು. ಆದರೂ ವರ್ಷಕ್ಕೊಮ್ಮೆ ಬಂದು ಹಾರಕ್ಕೆ ಕತ್ತು ಬಗ್ಗಿಸುತ್ತಿದ್ದಳು.

ಆ ಫೆಬ್ರವರಿಯಲ್ಲಿ ಅವಳು ಬಂದದ್ದು ಸಮಾರಂಭಕ್ಕಲ್ಲ. ಅವಳ ತಾಯಿ ಸಹನಾ ಅವಳ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. ಸಹನಾ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಹರಾಜು ಕೂಗುವವರು. ಹೆಸರು ಇಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ.

“ತೋರ್ಸೇ ಮೇಡಂಗೆ. ತೋಳ್ ಎತ್ತಿ ತೋರ್ಸೆ.”

ಧೃತಿ ರವಿಕೆಯ ತೋಳು ಮೇಲೆ ಸರಿಸಿದಳು. ನೇರಳೆಹಣ್ಣು ಹಿಸುಕಿದಂಥ ಕಲೆಗಳು.

“ಎಷ್ಟು ದಿನದಿಂದ?” ನಾಗಶ್ರೀ ಕೇಳಿದರು.

“ಇತ್ತೀಚೆಗೆ ಮೇಡಂ. ಬಸ್ಸಲ್ಲಿ ಕಂಬಿ ತಗಲಿರ್ಬೇಕು.”

“ಬಸ್ಸು ನಾಲ್ಕು ತಿಂಗ್ಳಿಂದ ದಿನಾ ಗುದ್ದುತ್ತಾ ನಿಂಗೆ?” ಎಂದರು ಸಹನಾ. “ಸುಳ್ಳಿ. ಒಸಡಲ್ಲಿ ರಕ್ತ ಬಂದಿದ್ದನ್ನ ಪೇಸ್ಟಿನ ಬಣ್ಣ ಅಂದ್ಳು ಮೇಡಂ ಇವ್ಳು.”

ರಕ್ತ ಪರೀಕ್ಷೆಗೆ ಒಂದು ಗಂಟೆಯೂ ಬೇಕಾಗಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಆ ದೊಡ್ಡ, ಪೆದ್ದು ಮುಖದ ಕೋಶಗಳು ತುಂಬಿಕೊಂಡಿದ್ದವು. ಹತ್ತೊಂಬತ್ತು ವರ್ಷದ ಹಿಂದಿನ ಅದೇ ರೋಗ. ಹೊಸದಲ್ಲ, ಅದೇ ಕವಲಿನದು.

ಒಬ್ಬಳಿಗೆ ಹೀಗಾಗಿರಬಹುದು ಎಂದು ನಾಗಶ್ರೀ ತಮಗೆ ತಾವೇ ಹೇಳಿಕೊಂಡರು. ನಲವತ್ತೊಂದು ಸಾವಿರದಲ್ಲಿ ಒಬ್ಬಳು. ಕಿರಿಯ ವೈದ್ಯೆ ಇಂಚರಳನ್ನು ಕರೆದು ಹಳೆಯ ವಿಚಾರಣಾ ದಾಖಲೆಗಳನ್ನೆಲ್ಲ ತೆಗೆಯಲು ಹೇಳಿದರು.

ವಿಚಾರಣೆ ಎಂದರೆ ಇಷ್ಟು: ಮಜ್ಜೆ ಹಾಕಿಸಿಕೊಂಡವರು ಮೊದಲ ಐದು ವರ್ಷ ಆಸ್ಪತ್ರೆಗೇ ಬರಬೇಕು. ಆಮೇಲೆ ವರ್ಷಕ್ಕೊಂದು ಸಲ ಯಂತ್ರವೇ ಫೋನು ಮಾಡಿ, “ನಿಮ್ಮ ಆರೋಗ್ಯ ಹೇಗಿದೆ?” ಎಂದು ಕೇಳಿ, ಉತ್ತರವನ್ನು ಕೇಳಿಸಿಕೊಂಡು ಎರಡರಲ್ಲಿ ಒಂದು ಪಟ್ಟಿಗೆ ಸೇರಿಸುತ್ತಿತ್ತು. ಚೆನ್ನಾಗಿರುವವರದು ಒಂದು, ಚೆನ್ನಾಗಿಲ್ಲದವರದು ಇನ್ನೊಂದು. ಎರಡನೆಯ ಪಟ್ಟಿಯವರನ್ನು ಮಾತ್ರ ಕರೆಸುತ್ತಿದ್ದರು. ಆ ಪಟ್ಟಿ ಯಾವಾಗಲೂ ತೀರ ಚಿಕ್ಕದಾಗಿರುತ್ತಿತ್ತು. ದೇಶವಿದೇಶಗಳ ಸಮ್ಮೇಳನಗಳಲ್ಲಿ ಅದನ್ನೇ ತೋರಿಸಿ ಚಪ್ಪಾಳೆ ಹೊಡೆಸಿಕೊಂಡಿದ್ದರು.

ಇಂಚರ ಪಟ್ಟಿ ನೋಡಲಿಲ್ಲ. ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು, ಯಂತ್ರ ಮುದ್ರಿಸಿಟ್ಟಿದ್ದ ಧ್ವನಿಗಳನ್ನೇ ಕೇಳಿದಳು, ಒಂಬತ್ತು ದಿನ. ಹತ್ತನೆಯ ದಿನ ನಾಗಶ್ರೀಯವರ ಕೋಣೆಗೆ ಬಂದು ಕುಳಿತುಕೊಳ್ಳದೆ ಮಾತಾಡಿದಳು.

“ಮೇಡಂ, ‘ಪರವಾಗಿಲ್ಲ’ ಅಂದವರನ್ನ ಯಾವ ಪಟ್ಟಿಗೆ ಹಾಕಿದ್ದಾರೆ ಗೊತ್ತಾ?”

“ಚೆನ್ನಾಗಿರೋರ ಪಟ್ಟಿಗೆ. ಯಾಕೆ?”

“ನಮ್ಮಮ್ಮಂಗೆ ಜ್ವರ ನೂರಮೂರಿದ್ರೂ ಪರವಾಗಿಲ್ಲ ಅಂತಾರೆ. ಮೈಸೂರು ಪಾಕ್ ಹೇಗಿದೆ ಅಂದ್ರೂ ಪರವಾಗಿಲ್ಲ. ಯಾರೋ ಕಾಲು ತುಳಿದ್ರೂ ಪರವಾಗಿಲ್ಲ. ಇದು ಆರೋಗ್ಯದ ಉತ್ತರ ಅಂತ ತೀರ್ಮಾನ ಮಾಡಿದ್ದು ಯಾವ ಬುದ್ಧಿವಂತರು?”

“ನಾನು,” ಎಂದರು ನಾಗಶ್ರೀ.

ಇಂಚರಳಿಗೆ ನಾಚಿಕೆಯಾಯಿತು. ಆದರೂ ಮಾತು ನಿಲ್ಲಿಸಲಿಲ್ಲ. “ಮೂರು ವರ್ಷ ಸತತವಾಗಿ ಪರವಾಗಿಲ್ಲ ಅಂದವರು ಎರಡು ಸಾವಿರದ ಮುನ್ನೂರು ಜನ. ಮೊದಲನೇ ವರ್ಷ ಗಟ್ಟಿ ದನಿ, ಎರಡನೇ ವರ್ಷ ಏದುಸಿರು. ಮೂರನೇ ವರ್ಷ ಕೆಲವರು ಗೋಡೆ ಹಿಡ್ಕೊಂಡು ಬಂದು ಫೋನ್ ಎತ್ತಿದ್ದು ಕೇಳಿಸುತ್ತೆ. ಒಬ್ಬ ಅಜ್ಜಿ ಪರವಾಗಿಲ್ಲ ಕಣಪ್ಪ ಅಂತ ಯಂತ್ರಕ್ಕೆ ಸಮಾಧಾನ ಹೇಳ್ತಾರೆ. ನಾಲ್ಕನೇ ವರ್ಷ ಒಂಬೈನೂರು ಜನ ಫೋನೇ ಎತ್ತಿಲ್ಲ.”

“ಅವರನ್ನ ಏನಂತ ಬರೆದಿದೆ?”

“ಸಂಪರ್ಕ ತಪ್ಪಿದೆ, ಅಂತ.”

ಸಂಪರ್ಕ ತಪ್ಪಿರಲಿಲ್ಲ, ಸತ್ತಿದ್ದರು. ತಮ್ಮ ತಮ್ಮ ಊರಿನ ಆಸ್ಪತ್ರೆಗಳಲ್ಲಿ ರಕ್ತಹೀನತೆ, ವಿಷಮಜ್ವರ, ನ್ಯುಮೋನಿಯಾ ಎಂದೆಲ್ಲ ಬರೆಸಿಕೊಂಡು ಸತ್ತಿದ್ದರು. ಆಸ್ಪತ್ರೆಯವರು ಇಷ್ಟೆಲ್ಲ ಮಾಡಿದ್ದಾರೆ, ಅವರ ಮುಂದೆ ಗೊಣಗಬಾರದು ಎಂಬ ಒಂದೇ ಮರ್ಯಾದೆಗಾಗಿ. ಈ ಮರ್ಯಾದೆಯನ್ನು ನಮ್ಮಲ್ಲಿ ಹಾಲಿನ ಜೊತೆ ಕುಡಿಸುತ್ತಾರೆ. ಡಾಕ್ಟರ ಮುಂದೆ ನೋವನ್ನು ಅರ್ಧ ಮಾಡಿ ಹೇಳುವ, ಉಳಿದರ್ಧವನ್ನು ಬಾಗಿಲಾಚೆ ಬಂದು ಗಂಡನ ಕಿವಿಯಲ್ಲಿ ಹೇಳುವ ಜನ ನಾವು. ಅದು ಗೊತ್ತಿದ್ದೂ ಯಂತ್ರಕ್ಕೆ ಎರಡೇ ಪಟ್ಟಿ ಮಾಡಿಕೊಟ್ಟಿದ್ದರು. ಆ ತೀರ್ಮಾನ ಆದ ಸಭೆ ಅರ್ಧ ನಿಮಿಷವೂ ಅದಕ್ಕೆ ಖರ್ಚು ಮಾಡಿರಲಿಲ್ಲ.

ಕಾರಣ ತಿಳಿಯಲು ಇನ್ನೂ ಮೂರು ವಾರ ಹಿಡಿಯಿತು. ಮಜ್ಜೆಯ ಯಾವುದೋ ಸಂದಿಯಲ್ಲಿ ಬೆರಳೆಣಿಕೆಯ ಕ್ಯಾನ್ಸರ್ ಕೋಶಗಳು ಉಳಿದಿದ್ದವು. ಪೆಟ್ಟಿಗೆಯಲ್ಲಿ ಪಾಠ ಕಲಿತ ಬಿಳಿಕಣಗಳು ಅವನ್ನು ವರ್ಷಗಟ್ಟಲೆ ಬೆನ್ನಟ್ಟಿ ಹೊಡೆದವು. ಹೊಡೆತ ತಿನ್ನುತ್ತ ತಿನ್ನುತ್ತ ಆ ಕೋಶಗಳ ಮೊಮ್ಮಕ್ಕಳ ಮೊಮ್ಮಕ್ಕಳಲ್ಲಿ ಯಾವುದೋ ಒಂದು, ಚರ್ಮದ ಕೋಶ ತನ್ನ ಮೈಮೇಲೆ ಹೊತ್ತಿರುವ ಗುರುತನ್ನೇ ತಾನೂ ಹೊತ್ತುಕೊಂಡಿತು. ಕಳ್ಳ ಮನೆಯವರ ಬಟ್ಟೆ ಹಾಕಿಕೊಂಡ. ಮನೆಯವರ ಮೇಲೆ ಕೈ ಮಾಡಬೇಡ ಎಂದು ಹನ್ನೊಂದು ದಿನ ಪಾಠ ಹೇಳಿಸಿಕೊಂಡಿದ್ದ ಕಾವಲುಗಾರ ಬಾಗಿಲು ಬಿಟ್ಟು ನಿಂತ. ಆ ಪಾಠ ತಾಯಿಕೋಶದಲ್ಲೇ ಅಚ್ಚಾಗಿತ್ತು. ಅದನ್ನು ಮರೆಸುವ ದಾರಿ ನಾಗಶ್ರೀಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಹತ್ತು, ಹನ್ನೆರಡು, ಹತ್ತೊಂಬತ್ತು ವರ್ಷ. ಒಬ್ಬೊಬ್ಬರಿಗೆ ಒಂದೊಂದು ಗಡುವು. ಇಷ್ಟೇ ವ್ಯತ್ಯಾಸ.

ಇದನ್ನೆಲ್ಲ ಅವರು ಧೃತಿಗೂ ಅವಳ ತಾಯಿಗೂ ಮುಚ್ಚುಮರೆಯಿಲ್ಲದೆ ಹೇಳಿದರು.

ಧೃತಿ ರವಿಕೆಯ ತೋಳನ್ನು ಕಲೆಗಳ ಮೇಲೆ ಎಳೆದುಕೊಂಡಳು. “ಒಂಬತ್ತನೇ ವಯಸ್ಸಿಗೆ ಹೋಗ್ಬೇಕಾಗಿತ್ತು ಮೇಡಂ ನಾನು. ಇಷ್ಟು ವರ್ಷ ಸಿಕ್ಕಿದ್ದೇ ಬೋನಸ್ಸು.”

“ಏನೇ ಬೋನಸ್ಸು?” ಸಹನಾ ಎದ್ದು ನಿಂತರು. “ದೀಪಾವಳಿಗೆ ಕೊಡ್ತಾರಾ ಇದನ್ನ, ಸ್ವೀಟ್ ಬಾಕ್ಸ್ ಜೊತೆಗೆ? ಸುಮ್ನೆ ಕೂತ್ಕೋ. ಮೇಡಂ, ಆ ಪೆಟ್ಟಿಗೆ ಬರೋಕ್ ಮೊದ್ಲು ಹೆಂಗ್ ಮಾಡ್ತಿದ್ರಿ?”

“ಪಾಠ ಕಲಿಸದೆ ಹಾಗೇ ಹಾಕ್ತಿದ್ವಿ. ಮೂರರಲ್ಲಿ ಒಬ್ಬರು ಹೋಗಿಬಿಡ್ತಿದ್ರು ಸಹನಾ.”

“ಇಬ್ರು ಉಳೀತಿದ್ರಲ್ಲ? ನಂದು ಹಾಕಿ. ನನ್ ರಕ್ತಕ್ಕೆ ಯಾವ ಪಾಠನೂ ಬೇಡ. ಗೂಡಿನ ಮಾರ್ಕೆಟ್ಟಲ್ಲಿ ಕೇಳಿ ನೋಡಿ, ಸಹನಾ ಹತ್ರ ಜಗಳಕ್ಕಿಳಿದು ಗೆದ್ದೋರು ಒಬ್ರಿದ್ರೆ ಕರ್ಕೊಂಬನ್ನಿ.”

ಧೃತಿ ನಕ್ಕಳು. “ನಿನ್ ರಕ್ತ ಹಾಕಿದ್ರೆ ನಾನೂ ಹರಾಜು ಕೂಗ್ಬೇಕಾಗುತ್ತೆ ಅಮ್ಮ.”

“ಕೂಗು. ಬಾಯಾದ್ರೂ ಬರುತ್ತೆ.”

ಹಳೆಯ ವಿಧಾನವನ್ನು ಮತ್ತೆ ಹಿಡಿಯುವುದು ಹೇಳಿದಷ್ಟು ಸುಲಭವಿರಲಿಲ್ಲ. ಹೊಸ ರಕ್ತದ ಜಗಳವನ್ನು ನೋಡಿಕೊಳ್ಳುವ ವಾರ್ಡುಗಳನ್ನು ದೇಶದಲ್ಲೆಲ್ಲ ಮುಚ್ಚಿ ಹದಿನೈದು ವರ್ಷವಾಗಿತ್ತು. ಆ ಕೆಲಸ ಕಲಿತ ವೈದ್ಯರು ನಿವೃತ್ತರಾಗಿದ್ದರು, ಕೆಲವರು ತೀರಿಕೊಂಡಿದ್ದರು. ಜಗಳ ಸ್ಟಿರಾಯ್ಡಿಗೆ ಬಗ್ಗದಿದ್ದರೆ ಕೊಡಲು ಒಂದು ಕಾಲದಲ್ಲಿ ಇನ್ನೆರಡು ಔಷಧಿಗಳಿದ್ದವು. ರೋಗವೇ ಇಲ್ಲದ ಮೇಲೆ ಔಷಧಿ ಯಾರಿಗೆ ಬೇಕು ಎಂದು ಅವುಗಳ ತಯಾರಿಕೆಯನ್ನೂ ನಿಲ್ಲಿಸಿದ್ದರು. ನಾಗಶ್ರೀ ಏಳು ದೇಶಗಳಿಗೆ ಬರೆದರು. ಒಂದು ಕಡೆಯಿಂದ, ಅವಧಿ ಮುಗಿದ ನಾಲ್ಕು ಸೀಸೆಗಳಿವೆ, ಬೇಕಾದರೆ ಕಳಿಸುತ್ತೇವೆ ಎಂದು ಉತ್ತರ ಬಂತು.

ಏಪ್ರಿಲ್ ಎರಡನೆಯ ವಾರ ಸಹನಾರ ಮಜ್ಜೆಯನ್ನು ತೆಗೆದು ನೇರವಾಗಿ ಧೃತಿಗೆ ಹಾಕಿದರು. ಪೆಟ್ಟಿಗೆಗಳ ಸಾಲಿನ ಮುಂದೆಯೇ ಆ ಚೀಲವನ್ನು ಒಯ್ಯಬೇಕಾಗಿತ್ತು. ನಾಗಶ್ರೀ ತಾವೇ ಎತ್ತಿಕೊಂಡು ಹೋದರು.

ಹದಿನೇಳನೆಯ ದಿನ ಹೊಸ ರಕ್ತ ಹುಟ್ಟಲು ಶುರುವಾಯಿತು. ಇಪ್ಪತ್ತೈದನೆಯ ದಿನದ ಪರೀಕ್ಷೆಯಲ್ಲಿ ಒಂದೇ ಒಂದು ಕ್ಯಾನ್ಸರ್ ಕೋಶ ಕಾಣಲಿಲ್ಲ. ಇಂಚರ ವರದಿ ಹಿಡಿದು ಓಡಿಬಂದಳು. ಸಹನಾ ಕಾರಿಡಾರಿನಲ್ಲಿದ್ದವರಿಗೆಲ್ಲ ಕೇಳುವಂತೆ, “ಹೆಂಗೆ? ನನ್ ಮಾತು ಕೇಳಿದ್ರಿಂದ ಆಯ್ತು” ಎಂದು ಕೂಗಿದರು. ನಾಗಶ್ರೀಗೆ ಆ ಎರಡು ದಿನ ಊಟ ರುಚಿಸಿತು.

ಇಪ್ಪತ್ತೇಳನೆಯ ದಿನ ಬೆಳಗ್ಗೆ ಅವರು ನೋಡಲು ಹೋದಾಗ ಧೃತಿ ಮುಷ್ಟಿ ಬಿಗಿಯುತ್ತ ಬಿಡುತ್ತ ಕುಳಿತಿದ್ದಳು.

“ಏನಾಗ್ತಿದೆ?”

“ಅಂಗೈ ಒಂಥರಾ ಬೆಚ್ಚಗಿದೆ ಮೇಡಂ. ಪರವಾಗಿಲ್ಲ.”

ನಾಗಶ್ರೀ ಅಂಗೈ ಬಿಡಿಸಿ ನೋಡಿದರು. ಬಣ್ಣ ಎಂದಿನಂತೆಯೇ ಇತ್ತು. ಮೈಯಲ್ಲಿ ಜ್ವರವಿರಲಿಲ್ಲ. ಸಮಾಧಾನದಿಂದ ಮೇಲಿನ ಪ್ರಯೋಗಾಲಯಕ್ಕೆ ಹೋಗಿ, ಮುಂದೆ ಯಾರ್‍ಯಾರಿಗೆ ಹೀಗೆ ಹಾಕಬಹುದು ಎಂದು ಹೆಸರು ಗುರುತು ಮಾಡುತ್ತ ಕುಳಿತರು. ಒಂಬೈನೂರು ಜನರನ್ನು ನುಂಗಿದ ಶಬ್ದ ಅದೇ ಬೆಳಗ್ಗೆ ಅವರ ಕಿವಿಯ ಮೇಲೇ ಬಿದ್ದಿತ್ತು. ಕೇಳಿಸಲಿಲ್ಲ. ಒಳ್ಳೆಯ ವರದಿ ಕೈಯಲ್ಲಿದ್ದವರಿಗೆ ಅದು ಕೇಳಿಸುವುದಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಂಗೈ, ಅಂಗಾಲು ಕೆಂಪಾದವು. ಅದರ ಮರುದಿನ ಬೆನ್ನು, ಎದೆ. ನಾಲ್ಕನೆಯ ದಿನ ಕರುಳು ನೀರಾಗಿ ಇಳಿಯತೊಡಗಿತು. ಸ್ಟಿರಾಯ್ಡನ್ನು ಎಷ್ಟು ಏರಿಸಿದರೂ ಜಗಳ ನಿಲ್ಲಲಿಲ್ಲ. ಒಂದು ದಿನ ಮೊದಲೇ ಏರಿಸಿದ್ದರೆ ನಿಲ್ಲುತ್ತಿತ್ತೇ? ನಿಲ್ಲುತ್ತಿತ್ತು ಎಂದು ಆಣೆ ಮಾಡಿ ಹೇಳುವವರು ಯಾರೂ ಉಳಿದಿರಲಿಲ್ಲ.

“ಉರಿ ಶುರುವಾದಾಗ್ಲೇ ಯಾಕೆ ಬಾಯ್ ಬಿಡ್ಲಿಲ್ಲ ನೀನು?” ಸಹನಾ ಮಗಳ ಕಾಲಬುಡದಲ್ಲಿ ಕುಳಿತು ಕೇಳಿದರು.

“ಹೇಳಿದ್ನಲ್ಲಮ್ಮ.”

“ಏನಂತ ಹೇಳ್ದೆ?”

“ಬೆಚ್ಚಗಿದೆ, ಪರವಾಗಿಲ್ಲ ಅಂದೆ.” ಸಹನಾ ನಾಗಶ್ರೀಯವರ ಕಡೆ ತಿರುಗಿದರು.

“ಇವ್ಳಿಗೆ ಸಂಕೋಚ. ಹುಟ್ಟಿದಾಗ್ಲಿಂದ ಹಿಂಗೇ. ನಿಮಗೇನಾಗಿತ್ತು? ಪರವಾಗಿಲ್ಲ ಅಂದ್ರೆ ಏನೇ ಅದು, ಸರಿಯಾಗಿ ಬೊಗಳು ಅಂತ ಎರಡು ಬೈಯೋಕಾಗ್ಲಿಲ್ವಾ? ಬೈಯೋಕೂ ಬರಲ್ವಾ ಓದಿದೋರಿಗೆ?”

ಧೃತಿ ನಲವತ್ತೊಂದನೆಯ ದಿನ ಬೆಳಗ್ಗೆ ಹತ್ತೂವರೆಗೆ ತೀರಿಕೊಂಡಳು.

ಕೊನೆಯ ಪರೀಕ್ಷೆಯ ವರದಿ ಮಧ್ಯಾಹ್ನ ಬಂತು. ಮಜ್ಜೆಯೆಲ್ಲ ಸಹನಾರದೇ. ಕ್ಯಾನ್ಸರಿನ ಸುಳಿವೇ ಇಲ್ಲ. ನಾಗಶ್ರೀ ಅದನ್ನು ಹೇಳಬೇಕೋ ಬೇಡವೋ ಎಂದು ನಿಂತಿದ್ದಾಗ ಸಹನಾರೇ ಕೇಳಿದರು.

“ಗೆಲ್ತಾ ನಂದು?”

“ಗೆಲ್ತು.”

ಸಹನಾ ಮಗಳ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. “ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೂ ಗೊತ್ತಾಗಲ್ಲ ಮೇಡಂ. ನನ್ ರಕ್ತಕ್ಕೆ ಹೆಂಗ್ ಗೊತ್ತಾಗುತ್ತೆ?” ಎಂದರು. 

ಜೂನಿನಲ್ಲಿ ಸಂಶೋಧನಾಲಯದ ಸಭೆ ಸೇರಿತು. ಪೆಟ್ಟಿಗೆಗಳನ್ನು ನಿಲ್ಲಿಸಬೇಕು ಎಂದು ನಾಗಶ್ರೀ ಕೇಳಲಿಲ್ಲ. ಕೇಳುವ ಹಕ್ಕು ಯಾರಿಗಿದೆ? ಸಾಲಿನಲ್ಲಿ ಕಾಯುತ್ತಿದ್ದ ರೋಗಿಗಳಿಗೆ ಎರಡೂ ದಾರಿಯನ್ನು ಬಿಡಿಸಿ ಹೇಳಿದರು. ಪೆಟ್ಟಿಗೆಯಲ್ಲಿ ಹಾದರೆ ಹತ್ತೋ ಹನ್ನೆರಡೋ ವರ್ಷ, ಆಮೇಲೆ ಬಹುಪಾಲು ಕತ್ತಲೆ. ಹಳೆಯ ದಾರಿಯಲ್ಲಿ ಹೋದರೆ ಪೂರಾ ಬದುಕು ಸಿಗಬಹುದು, ನಲವತ್ತು ದಿನದಲ್ಲೂ ಮುಗಿಯಬಹುದು. ಒಬ್ಬರೂ ಹಳೆಯ ದಾರಿಗೆ ಬರಲಿಲ್ಲ. ಅವರ ತಪ್ಪಲ್ಲ. ಹದಿನಾರು ಪೆಟ್ಟಿಗೆಗಳು ಹಾಗೆಯೇ ಓಡುತ್ತಿದ್ದವು. ಆಗಲೇ ಹಾಕಿಸಿಕೊಂಡಿದ್ದ ಸಾವಿರಾರು ಜನರಿಗೆ ಈಗ ಮನುಷ್ಯರೇ ಫೋನು ಮಾಡಿ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ, ಒಸಡಿನಲ್ಲಿ ರಕ್ತ ಬರುತ್ತದೆಯೇ ಎಂದು ಬಿಡಿಬಿಡಿಯಾಗಿ ಕೇಳುತ್ತಿದ್ದರು. ಬರುತ್ತದೆ ಎಂದವರಿಗೆ ಕೊಡಲು, ಯಾರೂ ಒಪ್ಪದ ಆ ಹಳೆಯ ದಾರಿ ಬಿಟ್ಟರೆ, ಏನೂ ಇರಲಿಲ್ಲ. ಗೊತ್ತಾಗುವುದೊಂದು ಬೇಗ ಗೊತ್ತಾಗುತ್ತಿತ್ತು.

ನಾಗಶ್ರೀ ಮಾಡಬಹುದಾದ ಕೆಲಸ ಒಂದೇ ಉಳಿದಿತ್ತು. ಹಳೆಯ ಚಿಕಿತ್ಸೆಯ ಬಗ್ಗೆ ತಮಗೆ ನೆನಪಿರುವುದನ್ನೆಲ್ಲ ಹೇಳಿಕೊಡುವುದು. ವಾರಕ್ಕೆ ಮೂರು ದಿನ ಮಧ್ಯಾಹ್ನ ತರಗತಿ. ಇಂಚರ ಮತ್ತು ಇನ್ನೂ ನಾಲ್ವರು ಬಂದು ಕೂರುತ್ತಿದ್ದರು. ಔಷಧಿಯ ಪ್ರಮಾಣ, ಪಥ್ಯ, ಕರುಳಿನ ನೀರನ್ನು ಅಳೆಯುವ ಬಗೆ, ಎಲ್ಲವನ್ನೂ ಹಳೆಯ ಪುಸ್ತಕಗಳಿಂದ ಹೆಕ್ಕಿ ಹೇಳಿದರು. ಪುಸ್ತಕದಲ್ಲಿ ಅಂಗೈ ಕೆಂಪಾದ ಚಿತ್ರಗಳೂ ಇದ್ದವು.

“ಕೆಂಪಾದ ಮೇಲೆ ತಡವಾಗುತ್ತೆ ಮೇಡಂ,” ಎಂದಳು ಇಂಚರ. “ಧೃತಿಗೆ ಹಿಂದಿನ ದಿನವೇ ಬೆಚ್ಚಗಾಗಿತ್ತು. ಆಗಿನವರು ಅದನ್ನ ಹೇಗೆ ಹಿಡೀತಿದ್ರು?”

ನಾಗಶ್ರೀ ಪುಸ್ತಕ ಮುಚ್ಚಿದರು.

ಅವರು ವಿದ್ಯಾರ್ಥಿನಿಯಾಗಿದ್ದ 2024ರಲ್ಲಿ ಅಂಥ ವಾರ್ಡೊಂದರಲ್ಲಿ ಸಿಸ್ಟರ್ ಫಿಲೋಮಿನಾ ಎಂಬ ನರ್ಸ್ ಇದ್ದರು. ಬೆಳಗ್ಗೆ ಬಂದವರೇ ಪ್ರತಿ ರೋಗಿಯ ಎರಡೂ ಅಂಗೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿದು ಕಣ್ಣುಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಡಾಕ್ಟರ ಬಳಿ ಹೋಗಿ, ಆರನೇ ಹಾಸಿಗೆಯವರಿಗೆ ಇವತ್ತೇ ಔಷಧಿ ಜಾಸ್ತಿ ಮಾಡಿ ಎನ್ನುತ್ತಿದ್ದರು. ಡಾಕ್ಟರು ಮಾಡುತ್ತಿದ್ದರು. ಆರನೇ ಹಾಸಿಗೆಯವರು ಸಾಮಾನ್ಯವಾಗಿ ಉಳಿಯುತ್ತಿದ್ದರು. ಸಿಸ್ಟರ್ ಪ್ರಾರ್ಥನೆ ಮಾಡುತ್ತಾರೆ ಎಂದೇ ಎಲ್ಲರೂ ತಿಳಿದಿದ್ದರು. ಕಣ್ಣುಮುಚ್ಚಿದವರನ್ನು ಮಾತಾಡಿಸಬಾರದೆಂದು, ಪ್ರಯೋಗಾಲಯಕ್ಕೆ ರಕ್ತದ ನಳಿಗೆ ಒಯ್ಯಲು ಬರುತ್ತಿದ್ದ ನಾಗಶ್ರೀ ಎಂಬ ಹುಡುಗಿ ಬಾಗಿಲಲ್ಲೇ ಸುಮ್ಮನೆ ನಿಂತಿರುತ್ತಿದ್ದಳು. ಮೂರು ವರ್ಷ, ಹೆಚ್ಚುಕಡಿಮೆ ದಿನಾ. ನಳಿಗೆ ತೆಗೆದುಕೊಂಡು ಮೇಲೆ ಹೋಗಿ ಕೋಶ ಎಣಿಸುತ್ತಿದ್ದಳು.

“ಕೈಯಲ್ಲಿ ಹಿಡಿದು ನೋಡ್ತಿದ್ರು,” ಎಂದರು ನಾಗಶ್ರೀ.

“ಹಿಡಿದಾಗ ಏನು ಗೊತ್ತಾಗ್ತಿತ್ತು? ಎಷ್ಟು ಬಿಸಿ ಇರ್ಬೇಕು? ಮಧ್ಯದಲ್ಲಾ, ಬೆರಳಿನ ಬುಡದಲ್ಲಾ?” ಇಂಚರ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದಳು. “ತೋರಿಸಿ ಮೇಡಂ.”

ನಾಗಶ್ರೀ ಆ ಕೈಗಳನ್ನು ತಮ್ಮ ಕೈಗಳ ನಡುವೆ ತೆಗೆದುಕೊಂಡರು. ಕಣ್ಣನ್ನೂ ಮುಚ್ಚಿದರು. ಆರೋಗ್ಯವಂತ ಹುಡುಗಿಯ ಕೈ, ಅದರಲ್ಲಿ ಸ್ವಲ್ಪ ಬೆವರು. ಅಷ್ಟೇ ತಿಳಿಯಿತು. ಎದುರಿಗಿದ್ದ ನಾಲ್ವರು ಪೆನ್ನು ಹಿಡಿದು ಕಾಯುತ್ತಿದ್ದರು.